ಸೆಪ್ಟೆಂಬರ್ 15ರ ಗೆರೆ: ಕಾಲೇಜಿಗೆ ಹೊರಟ ಐಸ್ ಹಾಕಿ ಆಟಗಾರ ಯಾವ ವರ್ಷದ ಡ್ರಾಫ್ಟ್‌ಗೆ ಸಲ್ಲುತ್ತಾನೆ?

ಪ್ರಶ್ನೆ: ನಾವು ಹಾಸನದ ಕಡೆಯವರು, ಬಹಳ ವರ್ಷಗಳಿಂದ ಮಿಶಿಗನ್‌ನಲ್ಲಿ ನೆಲೆಸಿದ್ದೇವೆ. ನಮ್ಮ ಮಗ 2008ರ ಅಕ್ಟೋಬರ್ 4ರಂದು ಹುಟ್ಟಿದವನು. ಯುಎಸ್‌ಎಚ್‌ಎಲ್ ಜೂನಿಯರ್ ಲೀಗಿನಲ್ಲಿ ಡಿಫೆನ್ಸ್ ಆಡುತ್ತಾನೆ. ಅವನ ಹೈಸ್ಕೂಲು 2026ರ ಜೂನ್‌ನಲ್ಲಿ ಮುಗಿಯುತ್ತದೆ. ಕಾಲೇಜು ಕ್ರೀಡೆಯ ಮೇಲಿನ ಹಂತವಾದ ಡಿವಿಷನ್ ಒನ್‌ನ ಕಾಲೇಜೊಂದು ಅವನನ್ನು ತೆಗೆದುಕೊಳ್ಳಲು ಒಪ್ಪಿದೆ, ಆದರೆ ಅಲ್ಲಿನ ಕೋಚ್ ಇನ್ನೊಂದು ವರ್ಷ ಜೂನಿಯರ್ ಆಡಿ 2027ರಲ್ಲಿ ಬಂದರೆ ಒಳ್ಳೆಯದು ಎನ್ನುತ್ತಿದ್ದಾರೆ. 2008ರ ಆಗಸ್ಟ್ 28ರಂದು ಹುಟ್ಟಿದ ಅವನ ತಂಡದ ಗೆಳೆಯ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2026ರ ಡ್ರಾಫ್ಟ್‌ಗೆ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆಗೆ) ಅರ್ಹ, ನಮ್ಮ ಮಗ ಅಲ್ಲವಂತೆ. ಐದು ವಾರದ ಅಂತರಕ್ಕೆ ಒಂದು ವರ್ಷ ಹೇಗೆ ಹಿಂದೆ ಬೀಳುತ್ತದೆ? ಕಾಲೇಜನ್ನು ತಡವಾಗಿ ಸೇರಿದರೆ ಡ್ರಾಫ್ಟ್ ಇನ್ನೂ ಮುಂದಕ್ಕೆ ಹೋಗುತ್ತದೆಯೆ? ನಾವೇ ಅರ್ಜಿ ಹಾಕಬೇಕೆ? ಡ್ರಾಫ್ಟ್‌ನಲ್ಲಿ ಹೆಸರು ಬಂದರೆ ಕಾಲೇಜಿನ ಆಟ ಮತ್ತು ಸ್ಕಾಲರ್‌ಶಿಪ್ ಎರಡೂ ಹೋಗುತ್ತವೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ಇದು ನಿಜವೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಎಂದು ತೋರುವುದರಿಂದ ಮೊದಲು ಅದಕ್ಕೇ ಉತ್ತರಿಸುತ್ತೇನೆ. ಅದು ನಿಜವಲ್ಲ. ಎನ್‌ಎಚ್‌ಎಲ್ ತಂಡವೊಂದು ನಿಮ್ಮ ಮಗನ ಹೆಸರನ್ನು ಡ್ರಾಫ್ಟ್‌ನಲ್ಲಿ ಕರೆದರೆ, ಅವನೊಂದಿಗೆ ಒಪ್ಪಂದದ ಮಾತುಕತೆ ನಡೆಸುವ ಹಕ್ಕು ಇತರ 31 ತಂಡಗಳಿಗೆ ತಪ್ಪಿ ಆ ಒಂದು ತಂಡಕ್ಕೆ ಮಾತ್ರ ದೊರೆಯುತ್ತದೆ. ಅವನು ಅದರಿಂದ ವೃತ್ತಿಪರ ಆಟಗಾರನಾಗುವುದಿಲ್ಲ, ಕಾಲೇಜಿನಲ್ಲಿ ಆಡುವ ಅರ್ಹತೆಯನ್ನು ಕಳೆದುಕೊಳ್ಳುವುದೂ ಇಲ್ಲ. ಅರ್ಹತೆ ಹೋಗುವುದು ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿದಾಗ. 2021ರಲ್ಲಿ ಬಫಲೊ ಸೇಬರ್ಸ್ ತಂಡ ಇಡೀ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಕರೆದ ಓವನ್ ಪವರ್, ನಿಮ್ಮ ರಾಜ್ಯದ ಮಿಶಿಗನ್ ವಿಶ್ವವಿದ್ಯಾಲಯಕ್ಕೇ ಮರಳಿ ಮುಂದಿನ ಋತುವನ್ನೂ ಅಲ್ಲಿಯೇ ಆಡಿದರು. ಮೊದಲನೆಯ ಆಯ್ಕೆಯ ಆಟಗಾರನೇ ಹಾಗೆ ಮಾಡಬಹುದಾದರೆ, ಐದನೆಯ ಸುತ್ತಿನಲ್ಲಿ ಹೆಸರು ಬಂದವನಿಗೆ ಅಡ್ಡಿಯಾಗುವುದು ಏನೂ ಇಲ್ಲ.

ನಿಮ್ಮ ಪರಿಚಿತರು ಸುಳ್ಳು ಹೇಳಿದ್ದಾರೆ ಎಂದೂ ನಾನು ಹೇಳಲಾರೆ, ಏಕೆಂದರೆ ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಲೀಗ್ ಮತ್ತು ಆಟಗಾರರ ಸಂಘದ ನಡುವೆ 1990ರ ದಶಕದ ಮಧ್ಯದಿಂದ 2004ರವರೆಗೆ ಜಾರಿಯಲ್ಲಿದ್ದ ಒಪ್ಪಂದದ ಪ್ರಕಾರ 18ರ ಹುಡುಗರು ತಾವಾಗಿಯೇ ಮುಂದೆ ಬಂದು ಡ್ರಾಫ್ಟ್‌ಗೆ ಹೆಸರು ಕೊಡಬೇಕಾಗಿತ್ತು, ಮತ್ತು ಕಾಲೇಜು ಆಟಗಾರನೊಬ್ಬ ಹಾಗೆ ಹೆಸರು ಕೊಟ್ಟರೆ ಅವನ ಕಾಲೇಜು ಆಟ ಅಲ್ಲಿಗೆ ಮುಗಿಯುತ್ತಿತ್ತು. 2000ದ ಡ್ರಾಫ್ಟ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಮೊದಲನೆಯವನಾಗಿ ಆರಿಸಿದ ಗೋಲಿ ರಿಕ್ ಡಿಪಿಯೆಟ್ರೊ, ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿ ಉಳಿದ ಮೂರು ವರ್ಷಗಳನ್ನು ಬಿಟ್ಟುಕೊಟ್ಟದ್ದು ಹೀಗೆ. 2004-05ರ ಋತು ಪೂರ್ತಿ ರದ್ದಾಗಿ 2005ರಲ್ಲಿ ಹೊಸ ಒಪ್ಪಂದ ಬಂದಾಗ ಈ ಪದ್ಧತಿ ನಿಂತುಹೋಯಿತು. ಅಂದಿನಿಂದ ವಯಸ್ಸಿನ ಮಿತಿಯೊಳಗೆ ಬಂದ ಪ್ರತಿಯೊಬ್ಬನೂ ತಾನಾಗಿಯೇ ಅರ್ಹನಾಗುತ್ತಾನೆ. ಅರ್ಜಿ ಹಾಕುವುದು, ಹೆಸರು ಹಿಂತೆಗೆದುಕೊಳ್ಳುವುದು ಯಾವುದೂ ಇಲ್ಲ. ಗೊಂದಲಕ್ಕೆ ಇನ್ನೊಂದು ಕಾರಣ ಬ್ಯಾಸ್ಕೆಟ್‌ಬಾಲ್. ಅಲ್ಲಿ ಕಾಲೇಜು ಆಟಗಾರ ಡ್ರಾಫ್ಟ್‌ಗೆ ಹೆಸರು ಕೊಟ್ಟು, ಗಡುವಿನೊಳಗೆ ಹಿಂತೆಗೆದುಕೊಳ್ಳದಿದ್ದರೆ ಕಾಲೇಜಿಗೆ ಮರಳುವ ದಾರಿ ಮುಚ್ಚುತ್ತದೆ. ಟಿವಿಯಲ್ಲಿ ಹೆಚ್ಚು ಕೇಳಿಬರುವುದು ಆ ಮಾತೇ ಆದ್ದರಿಂದ ಜನ ಅದನ್ನೇ ಹಾಕಿಗೂ ಅನ್ವಯಿಸುತ್ತಾರೆ.

ಈಗ ವಯಸ್ಸಿನ ಲೆಕ್ಕಕ್ಕೆ ಬರೋಣ. ಡ್ರಾಫ್ಟ್ ನಡೆಯುವುದು ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ. ಆ ವರ್ಷದ ಸೆಪ್ಟೆಂಬರ್ 15ರ ಒಳಗೆ, ಆ ದಿನವೂ ಸೇರಿದಂತೆ, 18 ತುಂಬುವವನು ಅರ್ಹ. ಅದೇ ವರ್ಷದ ಡಿಸೆಂಬರ್ 31ಕ್ಕೆ 21 ತುಂಬಿರುವ ಉತ್ತರ ಅಮೆರಿಕದ ಆಟಗಾರ ಅರ್ಹನಲ್ಲ. ಈ ಎರಡು ದಿನಾಂಕಗಳು ಒಂದೇ ಅಲ್ಲ ಎಂಬುದನ್ನು ಗಮನಿಸಿ, ಏಕೆಂದರೆ ಮುಂದೆ ಹೇಳುವುದೆಲ್ಲ ಅದರಿಂದಲೇ ಹುಟ್ಟುತ್ತದೆ. ಒಳಬರುವ ಬಾಗಿಲನ್ನು ಸೆಪ್ಟೆಂಬರ್ 15ರಿಂದ ಅಳೆಯುತ್ತಾರೆ, ಹೊರಹೋಗುವ ಬಾಗಿಲನ್ನು ಡಿಸೆಂಬರ್ 31ರಿಂದ. 2025ರ ಡ್ರಾಫ್ಟ್‌ಗೆ 2005ರ ಜನವರಿ 1ರಿಂದ 2007ರ ಸೆಪ್ಟೆಂಬರ್ 15ರವರೆಗೆ ಹುಟ್ಟಿದವರು ಅರ್ಹರಾಗಿದ್ದುದು ಈ ಲೆಕ್ಕದಿಂದ.

ನಿಮ್ಮ ಮಗನ ಗೆಳೆಯನಿಗೆ 2026ರ ಆಗಸ್ಟ್ 28ಕ್ಕೆ 18 ತುಂಬುತ್ತದೆ. ಜೂನ್‌ನಲ್ಲಿ ಹೆಸರು ಕರೆಯುವಾಗ ಅವನಿಗೆ ಇನ್ನೂ 17 ಆಗಿದ್ದರೂ ಅವನು 2026ಕ್ಕೆ ಅರ್ಹ. ನಿಮ್ಮ ಮಗನಿಗೆ 18 ತುಂಬುವುದು ಅಕ್ಟೋಬರ್ 4ಕ್ಕೆ, ಅಂದರೆ ಗೆರೆಯಿಂದ 19 ದಿನ ಆಚೆಗೆ. ಆದ್ದರಿಂದ ಅವನ ಮೊದಲ ಡ್ರಾಫ್ಟ್ 2027ರದ್ದು. ಆಗ ಅವನ ನಿಜವಾದ ವಯಸ್ಸು 18 ವರ್ಷ 8 ತಿಂಗಳು. ಆದರೆ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದ ಭಾಷೆಯಲ್ಲಿ ಅವನು 19ರ ಆಟಗಾರ, ಏಕೆಂದರೆ ಡ್ರಾಫ್ಟ್ ನಡೆಯುವ ವರ್ಷದ ಡಿಸೆಂಬರ್ 31ರ ಒಳಗೆ 19 ತುಂಬುವವನನ್ನು ಆ ಒಪ್ಪಂದ 19ರವನೆಂದೇ ಎಣಿಸುತ್ತದೆ. ಯಾವುದಾದರೂ ಕಾಗದದಲ್ಲಿ ಹೀಗೆ ಕಂಡರೆ ಯಾರೋ ತಪ್ಪು ಬರೆದಿದ್ದಾರೆಂದು ಗಾಬರಿಯಾಗಬೇಡಿ. ಹಾಕಿಯವರು ಇಂಥ ಹುಡುಗರನ್ನು ‘ಲೇಟ್ ಬರ್ತ್‌ಡೇ’ ಆಟಗಾರರು ಎಂದು ಕರೆಯುತ್ತಾರೆ.

ಹೊರಬಾಗಿಲ ವಿಷಯವನ್ನು ಬಹುತೇಕ ಪಾಲಕರು ಗಮನಿಸಿರುವುದಿಲ್ಲ. ಇಬ್ಬರೂ 2008ರಲ್ಲಿ ಹುಟ್ಟಿದವರಾದ್ದರಿಂದ ಇಬ್ಬರಿಗೂ ಕೊನೆಯ ಡ್ರಾಫ್ಟ್ 2028ರದ್ದೇ. ಗೆಳೆಯನಿಗೆ 2026, 2027 ಮತ್ತು 2028 ಹೀಗೆ ಮೂರು ಅವಕಾಶಗಳಿವೆ. ನಿಮ್ಮ ಮಗನಿಗೆ 2027 ಮತ್ತು 2028 ಎರಡೇ. ತಡವಾಗಿ ಒಳಬಂದವನಿಗೆ ತಡವಾಗಿ ಹೊರಹೋಗುವ ರಿಯಾಯಿತಿ ಇಲ್ಲ. ಇದು ಅನ್ಯಾಯವಲ್ಲವೆ ಎಂದು ನೀವು ಕೇಳಬಹುದು. ಕಾಗದದ ಮೇಲೆ ಹೌದು. ಆದರೆ ಆಟದ ದೃಷ್ಟಿಯಿಂದ ನೋಡಿದರೆ, 17ರ ಹುಡುಗನಾಗಿ ಮೊದಲ ಬಾರಿ, ತಂಡಗಳಿಗಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳ ಮುಂದೆ ನಿಲ್ಲುವುದಕ್ಕಿಂತ ಒಂದು ವರ್ಷ ಬಲಿತು ನಿಲ್ಲುವುದು ಮೇಲು ಎಂಬುದು ನನ್ನ ಎಣಿಕೆ, ವಿಶೇಷವಾಗಿ ಡಿಫೆನ್ಸ್‌ನಲ್ಲಿ ಆಡುವವನಿಗೆ. ಆ ಸ್ಥಾನದ ಆಟಗಾರರು ಪಕ್ವವಾಗುವುದು ಫಾರ್ವರ್ಡ್‌ಗಳಿಗಿಂತ ನಿಧಾನ.

ಕಾಲೇಜು ಸೇರುವ ವರ್ಷಕ್ಕೂ ಡ್ರಾಫ್ಟ್ ವರ್ಷಕ್ಕೂ ಯಾವ ಸಂಬಂಧವೂ ಇಲ್ಲ. ಅಮೆರಿಕದ ಫುಟ್‌ಬಾಲ್‌ನಲ್ಲಿ ಹೈಸ್ಕೂಲು ಮುಗಿದು ಮೂರು ವರ್ಷ ಕಳೆಯಬೇಕು. ಬೇಸ್‌ಬಾಲ್‌ನಲ್ಲಿ ನಾಲ್ಕು ವರ್ಷದ ಕಾಲೇಜು ಸೇರಿದವನು ಮೂರನೆಯ ವರ್ಷ ಮುಗಿಸಬೇಕು ಅಥವಾ 21 ತುಂಬಬೇಕು. ಹಾಕಿಯಲ್ಲಿ ಓದಿನ ಹಂತದ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ಮಗ 2026ರಲ್ಲಿ ಕಾಲೇಜು ಸೇರಲಿ, 2027ರಲ್ಲಿ ಸೇರಲಿ, ಅವನ ಮೊದಲ ಡ್ರಾಫ್ಟ್ 2027ರದ್ದೇ. ಕಾಲೇಜಿಗೆ ಮಾತು ಕೊಟ್ಟಿರುವುದರಿಂದಲೂ ಏನೂ ಬದಲಾಗುವುದಿಲ್ಲ. ತಂಡಗಳು ಆ ಮಾಹಿತಿಯನ್ನು ಮುಂದೆ ಹೇಳಲಿರುವ ಹಕ್ಕಿನ ಅವಧಿಯ ದೃಷ್ಟಿಯಿಂದ ಗಮನಿಸುತ್ತವೆ, ಅಷ್ಟೆ.

ಈ ಗೆರೆ ಎಷ್ಟು ನಿಷ್ಠುರವಾದದ್ದು ಎಂಬುದಕ್ಕೆ ಎರಡು ಪ್ರಸಿದ್ಧ ಉದಾಹರಣೆಗಳಿವೆ. ಅಲೆಕ್ಸಾಂಡರ್ ಓವೆಚ್ಕಿನ್ ಹುಟ್ಟಿದ್ದು 1985ರ ಸೆಪ್ಟೆಂಬರ್ 17ರಂದು. ಎರಡೇ ದಿನದ ಅಂತರದಲ್ಲಿ ಅವರಿಗೆ 2003ರ ಡ್ರಾಫ್ಟ್ ತಪ್ಪಿತು. ಫ್ಲಾರಿಡಾ ಪ್ಯಾಂಥರ್ಸ್ ತಂಡ ಆ ವರ್ಷವೇ ಕೊನೆಯ ಸುತ್ತುಗಳಲ್ಲಿ ಅವರನ್ನು ಕರೆಯಲು ಮುಂದಾಯಿತು. ಹುಡುಗ ಹುಟ್ಟಿದ ಮೇಲೆ ನಾಲ್ಕು ಅಧಿಕ ವರ್ಷಗಳು ಬಂದಿವೆ, ಆ ನಾಲ್ಕು ದಿನಗಳನ್ನು ಸೇರಿಸಿ ಎಣಿಸಿದರೆ ಅವನಿಗೆ 18 ತುಂಬುತ್ತದೆ ಎಂಬುದು ಅವರ ವಾದ. ಲೀಗ್ ಒಪ್ಪಲಿಲ್ಲ. ಮರುವರ್ಷ ವಾಷಿಂಗ್ಟನ್ ಕ್ಯಾಪಿಟಲ್ಸ್ ಅವರನ್ನು ಮೊದಲನೆಯವರಾಗಿ ಆರಿಸಿತು. ಎರಡನೆಯವರು ಅರಿಜೋನಾದಲ್ಲಿ ಬೆಳೆದ ಆಸ್ಟನ್ ಮ್ಯಾಥ್ಯೂಸ್. ಅವರು ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಕಾನರ್ ಮೆಕ್‌ಡೇವಿಡ್ ಆಯ್ಕೆಯಾದ 2015ರ ಡ್ರಾಫ್ಟ್ ಅವರಿಗೆ ಎರಡು ದಿನದಲ್ಲಿ ತಪ್ಪಿತು. ಆ ವರ್ಷವನ್ನು ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡದಲ್ಲಿ ದೊಡ್ಡವರ ಜೊತೆ ಆಡಿ ಕಳೆದರು, 2016ರಲ್ಲಿ ಟೊರೊಂಟೊ ಅವರನ್ನು ಮೊದಲನೆಯವರಾಗಿ ಕರೆಯಿತು. ಗೆರೆಯ ಈಚೆ ಬದಿಗೆ ಬಿದ್ದವರಲ್ಲಿ ಲ್ಯೂಕ್ ಹ್ಯೂಸ್ ಒಬ್ಬರು. 2003ರ ಸೆಪ್ಟೆಂಬರ್ 9ರಂದು, ಗೆರೆಗೆ ಆರು ದಿನ ಮೊದಲು, ಹುಟ್ಟಿದ ಅವರು 2021ರಲ್ಲಿ ನ್ಯೂಜೆರ್ಸಿಗೆ ನಾಲ್ಕನೆಯ ಆಯ್ಕೆಯಾಗಿ ಹೋದರು, ಆಮೇಲೆ ಎರಡು ವರ್ಷ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಆಡಿದರು. ಅವರ ಅಣ್ಣ ಕ್ವಿನ್ ಹುಟ್ಟಿದ್ದು ಅಕ್ಟೋಬರ್ 14ರಂದು. ಅವರು ಅದೇ ಕಾಲೇಜಿನಲ್ಲಿ ಒಂದು ವರ್ಷ ಆಡಿದ ಮೇಲೆ 2018ರಲ್ಲಿ ಅವರ ಡ್ರಾಫ್ಟ್ ಬಂತು. ಒಂದೇ ಮನೆಯ ಇಬ್ಬರು, ಒಂದೇ ಕಾಲೇಜು, ಆದರೆ ಡ್ರಾಫ್ಟ್ ಒಬ್ಬರಿಗೆ ಕಾಲೇಜಿಗೆ ಮೊದಲು, ಇನ್ನೊಬ್ಬರಿಗೆ ಕಾಲೇಜಿನ ನಡುವೆ.

18 ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂತು ಎಂದು ಕುತೂಹಲವಿದ್ದರೆ, ಅದು ಆಟದ ಮೈದಾನದಲ್ಲಿ ಹುಟ್ಟಿದ್ದಲ್ಲ, ನ್ಯಾಯಾಲಯದ ಬಿಸಿಯಲ್ಲಿ ಹುಟ್ಟಿದ್ದು. 1970ರ ದಶಕದಲ್ಲಿ ಎನ್‌ಎಚ್‌ಎಲ್ ಬಹುಮಟ್ಟಿಗೆ 20 ತುಂಬಿದವರನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಪ್ರತಿಸ್ಪರ್ಧಿಯಾಗಿದ್ದ ವರ್ಲ್ಡ್ ಹಾಕಿ ಅಸೋಸಿಯೇಷನ್ ಕೂಡ ಅಂಥದೇ ನಿಯಮ ಇಟ್ಟುಕೊಂಡಿದ್ದರೂ ಅದರ ತಂಡಗಳು ಅದನ್ನು ಮುರಿಯುತ್ತಲೇ ಇದ್ದವು. 1977ರಲ್ಲಿ ಕೆನ್ ಲಿನ್ಸ್‌ಮನ್ ಎಂಬ ಯುವ ಆಟಗಾರ ಆ ನಿಯಮದ ವಿರುದ್ಧ ಕನೆಕ್ಟಿಕಟ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋದಾಗ, ದುಡಿಯಲು ಶಕ್ತನಾದವನನ್ನು ವಯಸ್ಸಿನ ನೆಪದಲ್ಲಿ ಹೊರಗಿಡುವುದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂಬ ನೆಲೆಯಲ್ಲಿ ನ್ಯಾಯಾಧೀಶರು ಅವನ ಪರವಾಗಿ ನಿಂತರು. ಮರುವರ್ಷ 17ರ ವೇಯ್ನ್ ಗ್ರೆಟ್ಸ್‌ಕಿ ಇಂಡಿಯಾನಾಪೊಲಿಸ್ ತಂಡಕ್ಕೆ ಸಹಿ ಹಾಕಿದರು. ಎರಡು ಲೀಗುಗಳು 1979ರಲ್ಲಿ ಒಂದಾದಾಗ ಮಿತಿ 19ಕ್ಕೆ, 1980ರಲ್ಲಿ 18ಕ್ಕೆ ಇಳಿಯಿತು. ಇಂದು ಆ ನಿಯಮ ಆಟಗಾರರ ಸಂಘದ ಒಪ್ಪಿಗೆಯಿಂದ ಬಂದ ಸಾಮೂಹಿಕ ಒಪ್ಪಂದದ ಭಾಗ. ಹಾಗಾಗಿ ಅದಕ್ಕೆ ಕಾನೂನಿನ ರಕ್ಷೆ ಬಲವಾಗಿದೆ. 19 ದಿನದ ವ್ಯತ್ಯಾಸಕ್ಕಾಗಿ ವಕೀಲರ ಬಳಿ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಕೋಚ್ ಹೇಳಿದಂತೆ ಒಂದು ವರ್ಷ ತಡೆಯಬೇಕೆ ಎಂಬುದು ನಿಮ್ಮ ಮುಂದಿರುವ ನಿಜವಾದ ಆಯ್ಕೆ. ಡ್ರಾಫ್ಟ್ ವರ್ಷ ಎರಡರಲ್ಲೂ ಒಂದೇ ಆದ್ದರಿಂದ ಪ್ರಶ್ನೆ ಇಷ್ಟೆ: 2026-27ರ ಋತುವಿನಲ್ಲಿ ಸ್ಕೌಟ್‌ಗಳು ಅವನನ್ನು ಎಲ್ಲಿ ನೋಡುವುದು ಅವನಿಗೆ ಒಳಿತು? ಅಕ್ಟೋಬರ್‌ನಲ್ಲಿ ಹುಟ್ಟಿದವರಿಗೆ ಕಾಲೇಜಿನ ಮೊದಲ ವರ್ಷ ವರವಾದ ನಿದರ್ಶನಗಳು ಕಣ್ಣು ಕುಕ್ಕುವಂತಿವೆ. ಕಾಲೇಜು ಹಾಕಿಯ ಅತ್ಯುನ್ನತ ಗೌರವವಾದ ಹೋಬಿ ಬೇಕರ್ ಪ್ರಶಸ್ತಿಯನ್ನು 2024ರವರೆಗೆ ಮೊದಲ ವರ್ಷದಲ್ಲಿಯೇ ಗೆದ್ದವರು ನಾಲ್ವರು: 1993ರಲ್ಲಿ ಮೇಯ್ನ್‌ನ ಪಾಲ್ ಕರಿಯಾ, 2015ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಜ್ಯಾಕ್ ಐಕಲ್, 2023ರಲ್ಲಿ ಮಿಶಿಗನ್‌ನ ಆಡಮ್ ಫ್ಯಾಂಟಿಲಿ, 2024ರಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಮ್ಯಾಕ್ಲಿನ್ ಸೆಲೆಬ್ರಿನಿ. ಇವರಲ್ಲಿ ಸೆಲೆಬ್ರಿನಿ ಒಬ್ಬರನ್ನು ಬಿಟ್ಟು ಉಳಿದ ಮೂವರೂ ಅಕ್ಟೋಬರ್‌ನಲ್ಲಿ ಹುಟ್ಟಿದವರು. ಡ್ರಾಫ್ಟ್ ಒಂದು ವರ್ಷ ತಡವಾದ ಕಾರಣದಿಂದಲೇ ಅವರು ಡ್ರಾಫ್ಟ್‌ಗೆ ಮೊದಲು ಕಾಲೇಜಿನಲ್ಲಿ ಆಡುವಂತಾಯಿತು.

ಆದರೆ ಇವರನ್ನು ನೋಡಿ ನಿರ್ಧರಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಇವರು ಮೊದಲ ಐದು ಆಯ್ಕೆಗಳೊಳಗೆ ಬಂದವರು. ಸಾಮಾನ್ಯ ಪ್ರತಿಭಾವಂತನ ಕತೆ ಬೇರೆ. ಕಾಲೇಜು ಹಾಕಿ ವಯಸ್ಸಿನ ದೃಷ್ಟಿಯಿಂದ ದೊಡ್ಡವರ ಆಟ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಎನ್‌ಸಿಎಎಯ ನಿಯಮ ಬಹುಕಾಲದಿಂದ ಹಾಕಿ ಆಟಗಾರನಿಗೆ 21ನೆಯ ಹುಟ್ಟುಹಬ್ಬದವರೆಗೆ ಜೂನಿಯರ್ ಆಡಿ ಬಳಿಕ ಕಾಲೇಜು ಸೇರಲು ಬಿಟ್ಟಿರುವುದರಿಂದ 20ರಲ್ಲಿ ಮೊದಲ ವರ್ಷ ಸೇರುವವರು ಧಾರಾಳವಾಗಿದ್ದಾರೆ. ಅವರು ನಾಲ್ಕನೆಯ ವರ್ಷಕ್ಕೆ ಬರುವಾಗ 23, 24ರ ಗಂಡಸರು. ಇದರ ಮೇಲೆ 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಇನ್ನೊಂದು ದೊಡ್ಡ ನಿರ್ಧಾರ ಕೈಗೊಂಡಿತು. ಕೆನಡಾದ ಮೂರು ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರನ್ನು ಅದುವರೆಗೆ ವೃತ್ತಿಪರರೆಂದು ಪರಿಗಣಿಸಿ ಕಾಲೇಜಿನಿಂದ ದೂರವಿಟ್ಟಿದ್ದರು. 2025ರ ಆಗಸ್ಟ್ 1ರಿಂದ, ತಗಲುವ ಅಗತ್ಯ ಖರ್ಚಿಗಿಂತ ಹೆಚ್ಚು ಹಣ ಪಡೆಯದೆ ಆಡಿದವರಿಗೆ ಬಾಗಿಲು ತೆರೆಯಿತು. ಗ್ಯಾವಿನ್ ಮೆಕೆನ್ನಾ ಎಂಬ ಆಟಗಾರ ಕೆನಡಾದ ಮೆಡಿಸಿನ್ ಹ್ಯಾಟ್ ತಂಡವನ್ನು ಬಿಟ್ಟು ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಈ ಬದಲಾವಣೆಯಿಂದ. ಅಂದಹಾಗೆ ಅವರೂ 2007ರ ಡಿಸೆಂಬರ್ 20ರಂದು ಹುಟ್ಟಿದ ಲೇಟ್ ಬರ್ತ್‌ಡೇ ಆಟಗಾರ, ಅವರಿಗೆ ಮೊದಲು ಸಲ್ಲುವ ಡ್ರಾಫ್ಟ್ 2026ರದ್ದು. 2025ರಲ್ಲಿಯೇ ಬಂದ ಕ್ರೀಡಾ ವೇತನದ ನ್ಯಾಯಾಲಯ ಒಪ್ಪಂದಕ್ಕೆ ಸೇರಿದ ಕಾಲೇಜುಗಳ ಪುರುಷರ ಹಾಕಿ ತಂಡದ ಗಾತ್ರವೂ 26ಕ್ಕೆ ನಿಗದಿಯಾಯಿತು. ಬಲಿತ ಆಟಗಾರರ ಸಂಖ್ಯೆ ಹೆಚ್ಚಿತು, ಜಾಗ ಹೆಚ್ಚಲಿಲ್ಲ.

ಇಂಥ ತಂಡದಲ್ಲಿ ಅಕ್ಟೋಬರ್‌ನಲ್ಲಷ್ಟೇ 18 ತುಂಬುವ ಡಿಫೆನ್ಸ್ ಆಟಗಾರ ಎಂಟನೆಯವನಾಗಿ ಗ್ಯಾಲರಿಯಲ್ಲಿ ಕುಳಿತರೆ, ಅವನ ಡ್ರಾಫ್ಟ್ ವರ್ಷ ಸ್ಕೌಟ್‌ಗಳ ಕಣ್ಣಿಗೆ ಬೀಳದೆ ಕಳೆದುಹೋಗುತ್ತದೆ. ಅದೇ ಹುಡುಗ ಯುಎಸ್‌ಎಚ್‌ಎಲ್‌ನಲ್ಲಿ ಮೊದಲ ಜೋಡಿಯಲ್ಲಿ, ಪವರ್‌ಪ್ಲೇಯಲ್ಲಿ (ಎದುರಾಳಿ ಆಟಗಾರ ಶಿಕ್ಷೆಯಾಗಿ ಹೊರಗಿರುವ ಹೊತ್ತಿನಲ್ಲಿ), ಒಂದು ಪಂದ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಡಿದರೆ ಅವನನ್ನು ನೋಡದೆ ಬಿಡುವವರಿಲ್ಲ. ಅವನಿಗಿರುವುದು ಎರಡೇ ಡ್ರಾಫ್ಟ್‌ಗಳು ಎಂಬುದನ್ನು ನೆನೆದರೆ ಮೊದಲನೆಯದನ್ನು ಪೋಲು ಮಾಡುವುದು ಜಾಣತನವಲ್ಲ. ಕೋಚ್‌ಗೆ ಅವರದೇ ತಂಡದ ಲೆಕ್ಕಾಚಾರ ಇರುತ್ತದೆ ಎಂಬುದು ನಿಜ. ಆದರೂ ಈ ವಿಷಯದಲ್ಲಿ ಅವರ ಸಲಹೆ ಮತ್ತು ನಿಮ್ಮ ಮಗನ ಹಿತ ಒಂದೇ ದಿಕ್ಕಿನಲ್ಲಿವೆ ಎಂದು ನನಗೆ ಅನಿಸುತ್ತದೆ. 2026ರಲ್ಲಿಯೇ ಸೇರಿಸುವುದಾದರೆ, ತಂಡದ ಡಿಫೆನ್ಸ್‌ನಲ್ಲಿ ಅವನ ಸ್ಥಾನ ಎಷ್ಟನೆಯದು ಎಂದು ಕೋಚ್ ಅವರನ್ನು ನೇರವಾಗಿ ಕೇಳಿ. ಅವರು ಸುತ್ತಿ ಬಳಸಿ ಮಾತನಾಡಿದರೆ ಅದೇ ಉತ್ತರ.

ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಬಗ್ಗೆ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಉತ್ತರ ಅಮೆರಿಕದ ಮಕ್ಕಳ ಹಾಕಿಯಲ್ಲಿ ವಯೋಗುಂಪುಗಳನ್ನು ಜನವರಿ 1ರಿಂದ ಎಣಿಸುವುದರಿಂದ ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗ ತನ್ನ ಗುಂಪಿನಲ್ಲಿ ಯಾವಾಗಲೂ ಚಿಕ್ಕವನೇ ಆಗಿ ಬೆಳೆಯುತ್ತಾನೆ. ಜನವರಿ, ಫೆಬ್ರುವರಿಯಲ್ಲಿ ಹುಟ್ಟಿದವರೇ ಆಯ್ಕೆಗಳಲ್ಲಿ ತುಂಬಿಕೊಳ್ಳುವುದನ್ನು ಕೆನಡಾದ ಸಂಶೋಧಕರು 1980ರ ದಶಕದಲ್ಲಿಯೇ ತೋರಿಸಿದ್ದರು. ಮಿಶಿಗನ್‌ನ ಗ್ರ್ಯಾಂಡ್ ವ್ಯಾಲಿ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಡೀನರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ವರ್ಷದ ಕೊನೆಯಲ್ಲಿ ಹುಟ್ಟಿದ ಕೆನಡಾದ ಆಟಗಾರರು, ಮುಂದೆ ಅವರು ಎನ್‌ಎಚ್‌ಎಲ್‌ನಲ್ಲಿ ತೋರಿಸಿದ ಆಟಕ್ಕೆ ಹೋಲಿಸಿದರೆ, ಡ್ರಾಫ್ಟ್‌ನಲ್ಲಿ ಸಲ್ಲಬೇಕಾದುದಕ್ಕಿಂತ ಕೆಳಗೆ ಆಯ್ಕೆಯಾಗಿದ್ದರು ಎಂಬುದು ಅದರ ಫಲಿತಾಂಶ. ನಿಮ್ಮ ಮಗ ಐದನೆಯ ಸುತ್ತಿಗೆ ಇಳಿದರೆ ಅದು ಅವನ ಆಟದ ಬಗ್ಗೆ ಕೊಟ್ಟ ಅಂತಿಮ ತೀರ್ಪೆಂದು ತಿಳಿಯಬೇಕಾಗಿಲ್ಲ.

ಈಗ ಹಕ್ಕಿನ ಅವಧಿ. ಕೆನಡಾದ ಮೇಜರ್ ಜೂನಿಯರ್‌ನಿಂದ ಆಯ್ಕೆಯಾದವನಿಗೆ ತಂಡ ಸುಮಾರು ಎರಡು ವರ್ಷದೊಳಗೆ, ಎರಡನೆಯ ಜೂನ್ 1ರ ಒಳಗೆ, ಒಪ್ಪಂದ ಕೊಡಬೇಕಾಗಿತ್ತು. ಕಾಲೇಜಿನಲ್ಲಿ ಓದುವವನ ಹಕ್ಕನ್ನು ಪದವಿ ಮುಗಿಯುವವರೆಗೂ, ಆ ವರ್ಷದ ಆಗಸ್ಟ್ 15ರವರೆಗೂ, ಇಟ್ಟುಕೊಳ್ಳಬಹುದಾಗಿತ್ತು. ತಂಡಕ್ಕೆ ಇದು ದೊಡ್ಡ ಅನುಕೂಲವಾಗಿತ್ತು, ಹುಡುಗನನ್ನು ನಾಲ್ಕು ವರ್ಷ ಖರ್ಚಿಲ್ಲದೆ ಬೆಳೆಯಲು ಬಿಡಬಹುದಾಗಿತ್ತು. ಹುಡುಗನಿಗೂ ಒಂದು ಅಸ್ತ್ರ ಸಿಗುತ್ತಿತ್ತು: ನಾಲ್ಕು ವರ್ಷ ಮುಗಿಸಿ ಸಹಿ ಹಾಕದೆ ಕುಳಿತರೆ ಆಗಸ್ಟ್ 15ಕ್ಕೆ ಅವನು ಫ್ರೀ ಏಜೆಂಟ್, ಅಂದರೆ ಯಾವ ತಂಡವನ್ನಾದರೂ ಸೇರಬಲ್ಲವನು, ಆಗುತ್ತಿದ್ದ. ಹಾರ್ವರ್ಡ್‌ನ ಜಿಮ್ಮಿ ವೆಸಿಯನ್ನು 2012ರಲ್ಲಿ ನ್ಯಾಶ್‌ವಿಲ್ ಆರಿಸಿತ್ತು. 2016ರಲ್ಲಿ ಅವರು ಸಹಿ ಹಾಕಲು ಒಪ್ಪದೆ ಹೋದಾಗ ಹಕ್ಕನ್ನು ಬಫಲೊಗೆ ಕೊಟ್ಟರು. ಅವರು ಅಲ್ಲಿಯೂ ಸಹಿ ಹಾಕದೆ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ಸೇರಿದರು. ಮರುವರ್ಷ ಡೆನ್ವರ್‌ನ ವಿಲ್ ಬುಚರ್ ಅದೇ ದಾರಿಯಲ್ಲಿ ಕೊಲರಾಡೊವನ್ನು ಬಿಟ್ಟು ನ್ಯೂಜೆರ್ಸಿಗೆ ಹೋದರು. ಇದನ್ನು ಕೃತಘ್ನತೆ ಎಂದು ಬೈಯುವವರಿದ್ದಾರೆ. ಯಾರೊಂದಿಗೆ ಕೆಲಸ ಮಾಡಬೇಕೆಂದು ಆರಿಸಿಕೊಳ್ಳುವ ಅವಕಾಶವೇ ಇಲ್ಲದ ಹುಡುಗ ನಾಲ್ಕು ವರ್ಷ ಕಾದು ಅದನ್ನು ಪಡೆದರೆ ಬೈಯುವುದಕ್ಕೆ ಏನಿದೆಯೋ ನನಗೆ ತಿಳಿಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2025ರ ಜುಲೈನಲ್ಲಿ ಲೀಗ್ ಮತ್ತು ಆಟಗಾರರ ಸಂಘ ಅನುಮೋದಿಸಿದ ಹೊಸ ಒಪ್ಪಂದ 2026ರ ಸೆಪ್ಟೆಂಬರ್ 16ರಿಂದ ಜಾರಿಗೆ ಬರುತ್ತದೆ. ನಿಮ್ಮ ಮಗನ ಡ್ರಾಫ್ಟ್ ಅದರ ಅಡಿಯಲ್ಲಿ ಬರುತ್ತದೆ. ವೆಸಿ, ಬುಚರ್ ಅವರ ಕತೆಗಳು ಹಳೆಯ ಒಪ್ಪಂದದವು. ಹಕ್ಕು ಎಷ್ಟು ವರ್ಷ ಇರುತ್ತದೆ ಎಂಬುದನ್ನು ಹೊಸ ಒಪ್ಪಂದದ ಪಠ್ಯದಿಂದಲೇ ಓದಿಸಿಕೊಳ್ಳಿ, ಓದುವಾಗ ಅವನನ್ನು 19ರ ಆಟಗಾರನೆಂದು ಎಣಿಸಿ ಲೆಕ್ಕ ಹಾಕಿಸಿ.

ಸೆಪ್ಟೆಂಬರ್ 15 ಅವನ ಬದುಕಿನಲ್ಲಿ ಮತ್ತೊಮ್ಮೆ ಎದುರಾಗುತ್ತದೆ. ಮೊದಲ ಎನ್‌ಎಚ್‌ಎಲ್ ಒಪ್ಪಂದದ ಅವಧಿಯನ್ನು ಆಟಗಾರ ಆರಿಸಿಕೊಳ್ಳುವುದಿಲ್ಲ, ವಯಸ್ಸು ನಿರ್ಧರಿಸುತ್ತದೆ. 18ರಿಂದ 21ರವರೆಗಿನವರಿಗೆ ಮೂರು ವರ್ಷ, 22 ಮತ್ತು 23ರವರಿಗೆ ಎರಡು, 24ರವರಿಗೆ ಒಂದು. ಈ ವಯಸ್ಸನ್ನು ಸಹಿ ಹಾಕಿದ ದಿನದಿಂದ ಅಳೆಯುವುದಿಲ್ಲ, ಆ ವರ್ಷದ ಸೆಪ್ಟೆಂಬರ್ 15ರಂದು ಎಷ್ಟಿರುತ್ತದೆ ಎಂದು ಅಳೆಯುತ್ತಾರೆ. ಇಬ್ಬರು ಗೆಳೆಯರೂ 2030ರ ಬೇಸಿಗೆಯಲ್ಲಿ ಒಂದೇ ದಿನ ಸಹಿ ಹಾಕಿದರು ಎಂದುಕೊಳ್ಳಿ. ಆಗಸ್ಟ್‌ನಲ್ಲಿ ಹುಟ್ಟಿದವನು ಆ ದಿನಾಂಕಕ್ಕೆ 22ರವನು, ಅವನಿಗೆ ಎರಡು ವರ್ಷದ ಒಪ್ಪಂದ. ನಿಮ್ಮ ಮಗ ಇನ್ನೂ 21ರವನು, ಅವನಿಗೆ ಮೂರು ವರ್ಷ. ಆರಂಭದ ಒಪ್ಪಂದದಲ್ಲಿ ಸಂಬಳಕ್ಕೆ ಮಿತಿ ಇರುವುದರಿಂದ, ಚೆನ್ನಾಗಿ ಆಡುವವನಿಗೆ ಅದು ಬೇಗ ಮುಗಿದಷ್ಟೂ ಒಳ್ಳೆಯದು. ಏಜೆಂಟರು ಬೇಸಿಗೆಯಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕುವುದು ಈ ಒಂದು ವರ್ಷದ ಮೇಲೆ.

ಎರಡೂ ಡ್ರಾಫ್ಟ್‌ಗಳಲ್ಲಿ ಹೆಸರು ಬಾರದಿದ್ದರೆ? 2028ರ ನಂತರ ಅವನು ಯಾವ ತಂಡದೊಂದಿಗಾದರೂ ಒಪ್ಪಂದ ಮಾಡಿಕೊಳ್ಳಬಹುದಾದ ಫ್ರೀ ಏಜೆಂಟ್. ಇಡೀ ಡ್ರಾಫ್ಟ್ ಏಳು ಸುತ್ತು, 32 ತಂಡ, ಒಟ್ಟು 224 ಹೆಸರು. ಜಗತ್ತಿನ ಎಲ್ಲ ಹಾಕಿ ದೇಶಗಳ ಹುಡುಗರೂ ಅದರಲ್ಲಿಯೇ ಹಿಡಿಯಬೇಕು, ಆದ್ದರಿಂದ ಒಳ್ಳೆಯ ಆಟಗಾರರು ಬಿಟ್ಟುಹೋಗುವುದು ಸಹಜ. ವರ್ಮಾಂಟ್‌ನ ಮಾರ್ಟಿನ್ ಸೇಂಟ್ ಲೂಯಿ, ಆರ್‌ಪಿಐ ಕಾಲೇಜಿನ ಆಡಮ್ ಓಟ್ಸ್ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿ ಕಾಲೇಜಿನ ಆಟದಿಂದ ಮೇಲೆ ಬಂದು ಹಾಲ್ ಆಫ್ ಫೇಮ್ ಸೇರಿದವರು. ಡಿಫೆನ್ಸ್‌ನವರ ಪೈಕಿ ನಿಮ್ಮ ರಾಜ್ಯದಲ್ಲಿಯೇ ಮಿಶಿಗನ್ ಸ್ಟೇಟ್‌ನ ಟೋರಿ ಕ್ರೂಗ್ 2012ರಲ್ಲಿ ಬೋಸ್ಟನ್ ತಂಡಕ್ಕೂ, ವೆಸ್ಟರ್ನ್ ಮಿಶಿಗನ್‌ನ ಡ್ಯಾನಿ ಡಿಕೈಸರ್ 2013ರಲ್ಲಿ ಡೆಟ್ರಾಯಿಟ್‌ಗೂ ಹೀಗೆಯೇ ಸಹಿ ಹಾಕಿದರು. ಡಿಕೈಸರ್ ಹಿಂದೆ ಆ ವಸಂತದಲ್ಲಿ ಹಲವು ತಂಡಗಳು ಬಿದ್ದಿದ್ದವು. ಕೆಳಗಿನ ಸುತ್ತಿನಲ್ಲಿ ಆಯ್ಕೆಯಾಗಿ ಒಂದೇ ತಂಡಕ್ಕೆ ಕಟ್ಟುಬೀಳುವುದಕ್ಕಿಂತ ಇದು ಮೇಲು ಎಂದು ವಾದಿಸುವ ಏಜೆಂಟರೂ ಇದ್ದಾರೆ.

ಭಾರತೀಯ ಮೂಲದ ಹುಡುಗರು ಈ ದಾರಿಯಲ್ಲಿ ನಡೆದಿದ್ದಾರೆಯೆ ಎಂದು ನೀವು ಕೇಳಿಲ್ಲ, ಆದರೂ ತಿಳಿದಿರಲಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಸರ್ರೆ ಎಂಬ ಊರಿನ ಜುಝಾರ್ ಖೈರಾ ಅವರನ್ನು 2012ರಲ್ಲಿ ಎಡ್ಮಂಟನ್ ಮೂರನೆಯ ಸುತ್ತಿನಲ್ಲಿ ಆರಿಸಿತು. ಆಗಿನ್ನೂ ಅವರು ಕಾಲೇಜಿಗೆ ಕಾಲಿಟ್ಟಿರಲಿಲ್ಲ. ಆಯ್ಕೆಯಾದ ಮೇಲೆ ಮಿಶಿಗನ್ ಟೆಕ್‌ಗೆ ಹೋಗಿ ಒಂದು ಋತು ಆಡಿದರು, ಬಳಿಕ ಎವರೆಟ್ ಜೂನಿಯರ್ ತಂಡಕ್ಕೆ ಹೋದರು. ಅದೇ ಊರಿನ ಅರ್ಷ್‌ದೀಪ್ ಬೈನ್ಸ್ ಅವರನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲಿಲ್ಲ. 2021-22ರಲ್ಲಿ ಮೇಜರ್ ಜೂನಿಯರ್‌ನ ವೆಸ್ಟರ್ನ್ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿ ವ್ಯಾಂಕೂವರ್‌ನೊಂದಿಗೆ ಒಪ್ಪಂದ ಮಾಡಿಕೊಂಡರು.

ಉಳಿದದ್ದು ಸಲಹೆಗಾರರ ವಿಷಯ. 2026ರ ಚಳಿಗಾಲದಿಂದ ನಿಮಗೆ ದೂರವಾಣಿ ಕರೆಗಳು ಬರತೊಡಗುತ್ತವೆ. ಕೆಲವರು ಏಜೆಂಟ್ ಎಂದು, ಕೆಲವರು ಕುಟುಂಬದ ಸಲಹೆಗಾರ ಎಂದು ಪರಿಚಯಿಸಿಕೊಳ್ಳುತ್ತಾರೆ. ಈ ಎರಡರ ನಡುವಿನ ವ್ಯತ್ಯಾಸ, ಬೇಸಿಗೆಯಲ್ಲಿ ಎನ್‌ಎಚ್‌ಎಲ್ ತಂಡದ ತರಬೇತಿ ಶಿಬಿರಕ್ಕೆ ಹೋದರೆ ಪ್ರಯಾಣದ ಖರ್ಚನ್ನು ಯಾರು ಕೊಡಬಹುದು, ಉಡುಗೊರೆ ತೆಗೆದುಕೊಳ್ಳಬಹುದೇ ಎಂಬ ಸಣ್ಣ ಸಂಗತಿಗಳಲ್ಲಿಯೇ ಕಾಲೇಜು ಅರ್ಹತೆ ಸಿಕ್ಕಿಬೀಳುವುದುಂಟು. ಎನ್‌ಸಿಎಎ ಇತ್ತೀಚೆಗೆ ಪದೇಪದೇ ನಿಯಮ ಬದಲಿಸುತ್ತಿರುವುದರಿಂದ ಇನ್ನೊಬ್ಬ ಪಾಲಕರು ಹೋದ ವರ್ಷ ಮಾಡಿದ್ದು ಈ ವರ್ಷಕ್ಕೆ ಸರಿ ಎಂದು ನಂಬಬೇಡಿ. ಯಾವುದಕ್ಕೂ ಸಹಿ ಹಾಕುವ ಮೊದಲು ಆ ಕಾಲೇಜಿನ ನಿಯಮಪಾಲನಾ ಕಚೇರಿಗೆ ಇಮೇಲ್ ಬರೆದು, ಉತ್ತರವನ್ನೂ ಬರಹದಲ್ಲಿಯೇ ತರಿಸಿಕೊಂಡು ಇಟ್ಟುಕೊಳ್ಳಿ.